ಶಾಸನತಜ್ಞ ಫ್ಲೀಟರೂ ಬಸವಣ್ಣನವರ ಇತಿಹಾಸವೂ

ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೆ ಡಾ. ಜೆ. ಎಫ್. ಫ್ಲೀಟ್ ಎಂಬ ಹೆಸರು ಅಪರಿಚಿತವಲ್ಲ. ಆದರೆ ನಮ್ಮ ಗ್ರಂಥಗಳಲ್ಲಿ ಅದು ಬರುವುದು ಹೆಚ್ಚಾಗಿ ಖಂಡನೆಯ ಸಂದರ್ಭದಲ್ಲಿ. ಬಸವಣ್ಣನವರ ಸ್ಥಾನವನ್ನು ಕುರಿತು ಅವರು ಮಂಡಿಸಿದ ಅಭಿಪ್ರಾಯವೇ ಇದಕ್ಕೆ ಕಾರಣ. ಆ ಅಭಿಪ್ರಾಯ ಯಾವ ಬಗೆಯ ವ್ಯಾಸಂಗದಿಂದ ಹುಟ್ಟಿತೆಂಬುದನ್ನು ವಿಚಾರಿಸಿ ನೋಡುವುದು ಅವಶ್ಯ.

ಜಾನ್ ಫೇಥ್‌ಫುಲ್ ಫ್ಲೀಟರು 1847ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಲಂಡನ್ನಿನಲ್ಲಿ ಗೋಲ್ಡ್‌ಸ್ಟುಕರ್ ಎಂಬ ಪಂಡಿತರಲ್ಲಿ ಸಂಸ್ಕೃತವನ್ನು ಅಭ್ಯಸಿಸಿ, 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದರು. ಬೆಳಗಾವಿ, ಧಾರವಾಡ ಮೊದಲಾದ ಕನ್ನಡ ಜಿಲ್ಲೆಗಳು ಅಂದು ಆ ಪ್ರಾಂತಕ್ಕೆ ಸೇರಿದ್ದುವು. ಅಸಿಸ್ಟಂಟ್ ಕಲೆಕ್ಟರ್, ದಕ್ಷಿಣ ಭಾಗದ ಶಾಲಾ ಇನ್‌ಸ್ಪೆಕ್ಟರ್, ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಪೊಲಿಟಿಕಲ್ ಏಜೆಂಟರ ಸಹಾಯಕ, ಕಲೆಕ್ಟರ್, ಕಮಿಷನರ್ ಹೀಗೆ ಏರುತ್ತ ಹೋಗಿ 1897ರಲ್ಲಿ ನಿವೃತ್ತರಾದರು. ಆಳುವವರ ಕಚೇರಿಯೇ ಅವರ ವೃತ್ತಿ. 1883ರಿಂದ 1886ರವರೆಗೆ ಮಾತ್ರ ಅವರು ಸರಕಾರದ ಶಾಸನತಜ್ಞರಾಗಿದ್ದರು. ಆ ಅವಧಿಯ ಫಲವೇ 1888ರಲ್ಲಿ ಪ್ರಕಟವಾದ ಗುಪ್ತ ಶಾಸನಗಳ ಸಂಪುಟ. ನಿವೃತ್ತಿಯವರೆಗಿನ ಉಳಿದುದೆಲ್ಲ ಕಚೇರಿಯ ಕೆಲಸದ ನಡುವೆ ಕದ್ದ ಹೊತ್ತಿನಲ್ಲಿ ನಡೆದದ್ದು.

ಅವರ ಹಾದಿಯನ್ನು ಮೊದಲು ತುಳಿದವರು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಕದನದಲ್ಲಿ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ಆ ತರುಣ ಅಧಿಕಾರಿಯೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ನಕಲುಗಳನ್ನು ಸಂಗ್ರಹಿಸಿದನು. ಫ್ಲೀಟರಾದರೋ ಕೈಬರಹದ ನಕಲನ್ನು ನೆಚ್ಚದೆ, ಮೂಲ ಅಕ್ಷರಗಳ ಪಡಿಯಚ್ಚನ್ನು ನೋಡಿಯೇ ಓದಬೇಕೆಂದು ಹಟ ಹಿಡಿದವರು.

ಈ ಹಟದ ಫಲವನ್ನು ನೋಡಬೇಕಾದರೆ ಖಾನಾಪುರ ತಾಲೂಕಿನ ಹಲಸಿಗೆ ಹೋಗಬೇಕು. ನಂದಗಡದಿಂದ ಮುಂದೆ ಇರುವ ಈ ಹಳ್ಳಿಯೇ ಕದಂಬರ ಪಲಾಶಿಕಾ. ಇಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟರು ಓದಿ ಅಚ್ಚು ಹಾಕಿಸಿದರು. ಯುವರಾಜನಾಗಿದ್ದ ಕಾಕುಸ್ಥವರ್ಮನು ಶ್ರುತಕೀರ್ತಿಯೆಂಬ ಸೇನಾಪತಿಗೆ ಕೊಟ್ಟ ಭೂಮಿ, ಮೃಗೇಶವರ್ಮನು ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಕಟ್ಟಿಸಿದ ಜಿನಾಲಯ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ಸಂದ ದತ್ತಿ ಇವೆಲ್ಲ ಆ ಪಟಗಳಿಂದ ತಿಳಿದು ಬಂದುವು. ಒಂದೂವರೆ ಸಾವಿರ ವರ್ಷಗಳ ಹಿಂದಿನ ರಾಜವಂಶವೊಂದಕ್ಕೆ ಹೀಗೆ ಹೆಸರೂ ಅನುಕ್ರಮವೂ ದೊರೆತುವು. ಹಲಸಿಯಲ್ಲಿ ಮುಂದೆ ಆಳಿದ ಗೋವೆಯ ಕದಂಬರನ್ನೂ, ಸವದತ್ತಿ ಮತ್ತು ಬೆಳಗಾವಿಯ ರಟ್ಟರನ್ನೂ ಅವರು ಇದೇ ರೀತಿ ಬೆಳಕಿಗೆ ತಂದರು. ಬೆಳಗಾವಿಯ ಕೋಟೆಯಲ್ಲಿ ಬೀಚಣನೆಂಬ ರಟ್ಟ ಮಂತ್ರಿಯು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಆದರೆ ಬೆಳಗಾವಿಯ ದತ್ತಿಯನ್ನು ಸಾರುವ 1204ರ ಎರಡು ಹಳಗನ್ನಡ ಶಿಲಾಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ! 1882ರಲ್ಲಿ ಮೊದಲು ಪ್ರಕಟವಾಗಿ 1896ರಲ್ಲಿ ಮುಂಬಯಿ ಗ್ಯಾಝೆಟಿಯರಿನಲ್ಲಿ ವಿಸ್ತಾರಗೊಂಡ ಅವರ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯೇ ಮುಂದಿನವರಿಗೆಲ್ಲ ಅಡಿಗಲ್ಲಾಯಿತು.

ಇನ್ನೊಂದು ಉಪಕಾರವನ್ನು ನಾವು ಮರೆಯುತ್ತೇವೆ. 1885ರಿಂದ ಅವರು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಹಾಡೂ ಉಂಟು, ಹಲಗಲಿಯ ಬೇಡರ ಹಾಡೂ ಉಂಟು. ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇದೇ ಖಾನಾಪುರ ತಾಲೂಕಿನ ನಂದಗಡದಲ್ಲಿ. ತನ್ನ ಸರಕಾರಕ್ಕೆ ಎದುರು ನಿಂತವರ ಹಾಡನ್ನು ಅದೇ ಸರಕಾರದ ಅಧಿಕಾರಿ ಅಕ್ಕರೆಯಿಂದ ಬರೆದಿಟ್ಟನೆಂಬುದು ಸಣ್ಣ ಮಾತಲ್ಲ.

ಇನ್ನು ವಿವಾದದ ವಿಷಯ. 'ಎಪಿಗ್ರಾಫಿಯಾ ಇಂಡಿಕಾ'ದ 5ನೆಯ ಸಂಪುಟದಲ್ಲಿ (1898-99) ಫ್ಲೀಟರು ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸಿದರು. ಏಕಾಂತದ ರಾಮಯ್ಯನು ಶಿರಸ್ಸನ್ನು ಅರಿದುಕೊಂಡು ಮರಳಿ ಪಡೆದು, ಬಿಜ್ಜಳನಿಂದ ಜಯಪತ್ರವನ್ನು ಪಡೆದ ವೃತ್ತಾಂತ ಅಲ್ಲಿದೆ. ಬಸವಣ್ಣನವರ ಕಥೆ ದೊರೆಯುವುದು ಪುರಾಣಗಳಲ್ಲಿ. ಭೀಮಕವಿಯ ಬಸವಪುರಾಣ 1369ರದು, ಚೆನ್ನಬಸವಪುರಾಣ 1584ರದು. ಏಕಾಂತದ ರಾಮಯ್ಯನಿಗಾದರೋ ಕಲ್ಲಿನ ಸಾಕ್ಷ್ಯವಿದೆ. ಆದುದರಿಂದ ಈ ಧಾರ್ಮಿಕ ಪುನರುತ್ಥಾನದಲ್ಲಿ ರಾಮಯ್ಯನಿಗೇ ಅಗ್ರಸ್ಥಾನ ಸಲ್ಲಬೇಕೆಂಬ ಕಡೆಗೆ ಅವರು ಒಲಿದರು.

ಪುರಾಣಕ್ಕಿಂತ ಶಾಸನ ಮೇಲೆಂಬ ಅವರ ನಿಯಮ ತಪ್ಪಲ್ಲ. ಹಲಸಿಯ ಕದಂಬರು ನಮಗೆ ದಕ್ಕಿದ್ದು ಆ ನಿಯಮದಿಂದಲೇ. ಆದರೆ ಶಾಸನ ಮೌನವಾಗಿದ್ದರೆ ವ್ಯಕ್ತಿಯ ಮಹತ್ವವೇ ಇರಲಿಲ್ಲವೆಂದು ಹೇಗೆ ಹೇಳುವುದು? ದಾನ ಕೊಟ್ಟವರನ್ನು ಕಲ್ಲು ನೆನೆಯುತ್ತದೆ. ಕಾಯಕದ ಅನುಭಾವಿಗಳ ಗೋಷ್ಠಿಯನ್ನು ಅದು ನೆನೆಯಬೇಕಾದ ಪ್ರಸಂಗವೇ ಬರುವುದಿಲ್ಲ. ಅಲ್ಲದೆ ತಲೆ ಮರಳಿ ಬಂದ ಪವಾಡವನ್ನು ಹೇಳುವ ಶಾಸನವೂ ಒಬ್ಬ ಕವಿಯ ರಚನೆಯೇ ಅಲ್ಲವೆ? ಇದನ್ನು ಫ್ಲೀಟರಂಥ ಸೂಕ್ಷ್ಮಮತಿಗಳು ಹೆಚ್ಚು ತೂಗಿ ನೋಡಬೇಕಿತ್ತು ಎಂದು ನನ್ನ ಅಭಿಪ್ರಾಯ.

ಪುರಾಣವೂ ಅಲ್ಲದ, ಶಾಸನವೂ ಅಲ್ಲದ ಮೂರನೆಯ ಸಾಕ್ಷ್ಯವೊಂದಿತ್ತು. ಅಲ್ಲಮಪ್ರಭು, ಅಕ್ಕಮಹಾದೇವಿ, ಸಿದ್ಧರಾಮರು ತಮ್ಮ ವಚನಗಳಲ್ಲಿ ಬಸವಣ್ಣನವರನ್ನು ಹೆಸರಿಟ್ಟು ನೆನೆದಿದ್ದಾರೆ, ಇವರು ಸಮಕಾಲೀನರು. ಆದರೆ ಆ ವಚನಗಳ ಓಲೆಗರಿಗಳು ಬಹುಮಟ್ಟಿಗೆ ಮಠಗಳ ಮತ್ತು ಮನೆಗಳ ಗಂಟುಗಳಲ್ಲಿಯೇ ಇದ್ದುವು. ಫ್ಲೀಟರು 1917ರಲ್ಲಿ ತೀರಿಕೊಂಡರು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ, ಅದೂ ಬೆಳಗಾವಿಯ ಮಹಾವೀರ ಮುದ್ರಣಾಲಯದಿಂದ.

ಅವರು ಬೇಡಿದ ಕಲ್ಲಿನ ಸಾಕ್ಷ್ಯವೂ ಅನಂತರ ದೊರೆಯಿತು. ಯಾದವ ಕನ್ನರನ ಕಾಲದ, 1260ರ ಆ ಶಾಸನ ಬಾಗೇವಾಡಿಯ ಮಾದಿರಾಜನ ಮಗನೆಂದು ಬಸವರಾಜನನ್ನು ಹೆಸರಿಸುತ್ತದೆ. ಅದು ದೊರೆತ ಊರು ಹುಕ್ಕೇರಿ ತಾಲೂಕಿನ ಅರ್ಜುನವಾಡ. ಫ್ಲೀಟರು ಶಾಸನಗಳನ್ನರಸಿದ ಬೆಳಗಾವಿ ಜಿಲ್ಲೆಯಲ್ಲಿಯೇ ಅದು ಇದೆ.