ಉಲ್ಲೇಖದ ತಕ್ಕಡಿಯೂ ಉಳಿದ ಜೀವಗಳೂ

ಸಂಶೋಧಕರೊಬ್ಬರ ಸಾಧನೆಯನ್ನು ಅಳೆಯುವುದು ಹೇಗೆ? ಎಷ್ಟು ಪ್ರಬಂಧ ಪ್ರಕಟಿಸಿದ್ದಾರೆ, ಅವುಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬ ಎರಡು ಲೆಕ್ಕಗಳೇ ಇಂದು ನೇಮಕಾತಿ, ಬಡ್ತಿ, ಅನುದಾನಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತಿವೆ. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಈ ಎರಡನ್ನೂ ಬೆಸೆದು ‘ಎಚ್-ಸೂಚ್ಯಂಕ’ವನ್ನು ರೂಪಿಸಿದರು. ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಸೂಚ್ಯಂಕ 20. ಜೀವಮಾನದ ದುಡಿಮೆ ಒಂದೇ ಅಂಕಿಯಲ್ಲಿ ಅಡಗಿತು. ಲೆಕ್ಕವೇನೋ ಸರಳ. ಆದರೆ ಸಾರ್ವಜನಿಕ ಆರೋಗ್ಯದ ಕ್ಷೇತ್ರದಲ್ಲಿ ಅದು ಬಿಟ್ಟುಬಿಡುವುದೇ ಹೆಚ್ಚು.

ಕಲ್ಕತ್ತದ ರೋಗವಿಜ್ಞಾನಿ ಶಂಭುನಾಥ ಡೇ ಅವರ ಕಥೆಯನ್ನೇ ನೋಡೋಣ. ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ 1884ರಲ್ಲೇ ಗುರುತಿಸಿದ್ದರೂ ಅದು ಮನುಷ್ಯನನ್ನು ಕೊಲ್ಲುವ ಬಗೆ ದಶಕಗಳ ಕಾಲ ಒಗಟಾಗಿಯೇ ಉಳಿದಿತ್ತು. ರೋಗಾಣು ಹೊರಸೂಸುವ ವಿಷವೇ ಕರುಳಿನೊಳಗೆ ದ್ರವ ತುಂಬಿಕೊಳ್ಳುವಂತೆ ಮಾಡುತ್ತದೆ ಎಂಬುದನ್ನು ಡೇ ಮೊಲದ ಕರುಳಿನ ಮೇಲಿನ ಪ್ರಯೋಗದಿಂದ ತೋರಿಸಿ, 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಮೊದಲು ಅದನ್ನು ಗಮನಿಸಿದವರು ಕಡಿಮೆ. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೊ ಆಗಿ ಆರಿಸಲಿಲ್ಲ. ಅವರು 1985ರಲ್ಲಿ ನಿಧನರಾದರು. ಉಲ್ಲೇಖಗಳ ಸೂಚಿಯನ್ನು ಜಗತ್ತಿಗೆ ಪರಿಚಯಿಸಿದ ಯೂಜಿನ್ ಗಾರ್ಫೀಲ್ಡ್ ಅವರೇ ಮರುವರ್ಷ ಕಾಲರಾ ಸಂಶೋಧನೆಯ ನಕ್ಷೆ ಬಿಡಿಸಿ, ಅದರಲ್ಲಿ ಡೇ ಅವರ ಸ್ಥಾನವನ್ನು ಎತ್ತಿ ತೋರಿದರು.

ಇಲ್ಲಿ ಎರಡು ಪಾಠಗಳಿವೆ. ಉಲ್ಲೇಖದ ಲೆಕ್ಕ ನಿರುಪಯುಕ್ತವಲ್ಲ. ಸಹೋದ್ಯೋಗಿಗಳೂ ಅಕಾಡೆಮಿಗಳೂ ಕಾಣದ್ದನ್ನು ಅದು ಕಾಣಿಸಿತು. ಆದರೆ ಕಾಣಿಸಿದ್ದು ತಡವಾಗಿ. ಕೆಲವೇ ವರ್ಷಗಳ ಅಂಕಿ ನೋಡಿ ಬಡ್ತಿ ಕೊಡುವ ಇಂದಿನ ಸಮಿತಿಯ ಮುಂದೆ ಡೇ ಕುಳಿತಿದ್ದರೆ ಅವರ ಗತಿ ಏನಾಗುತ್ತಿತ್ತೆಂದು ಊಹಿಸಬಹುದು.

ಇದೇ ರೋಗದ ಇನ್ನೊಂದು ಅಧ್ಯಾಯ ದಿಲೀಪ್ ಮಹಲನಬಿಸ್ ಅವರದು. 1971ರ ಬಾಂಗ್ಲಾ ವಿಮೋಚನಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ನರಕ್ಕೆ ಹಾಯಿಸುವ ದ್ರವ ಸಾಲದಾಯಿತು. ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಲ್ಲೇ ಕುಡಿಸಿದರು. ಅವರ ಆರೈಕೆಯಲ್ಲಿದ್ದವರ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಈ ಅನುಭವ 1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಅದರ ನಿಜವಾದ ‘ಉಲ್ಲೇಖ’ಗಳು ಇರುವುದು ಗ್ರಂಥಾಲಯಗಳಲ್ಲಿ ಅಲ್ಲ; ಹಳ್ಳಿಯ ಅಂಗಡಿಯಲ್ಲೂ ದೊರೆಯುವ ಓಆರ್‌ಎಸ್ ಪೊಟ್ಟಣದಲ್ಲಿ. ಮಗುವಿಗೆ ಅದನ್ನು ಕಲಸಿ ಕುಡಿಸುವ ತಾಯಿ ಅಡಿಟಿಪ್ಪಣಿ ಬರೆಯುವುದಿಲ್ಲ. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು 2023ರಲ್ಲಿ, ಮರಣೋತ್ತರವಾಗಿ.

ಉಲ್ಲೇಖದ ಲೆಕ್ಕಕ್ಕೆ ಇನ್ನೊಂದು ಮಿತಿಯೂ ಇದೆ. ಒಂದು ವಿಷಯದ ಮೇಲೆ ಎಷ್ಟು ಜನ ಬರೆಯುತ್ತಾರೋ ಅಷ್ಟೇ ಉಲ್ಲೇಖ ದೊರಕೀತು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈಗಲೂ ಮಲೆನಾಡನ್ನು ಕಾಡುತ್ತಿದೆ. ಭಾರತದ ಆಚೆ ಅದರ ಬಾಧೆ ಇಲ್ಲದಿರುವಾಗ, ಕಾಡಿನ ಉಣುಗುಗಳ ಬೆನ್ನು ಹತ್ತಿ ಹತ್ತು ವರ್ಷ ಸವೆಸಿದ ಸಂಶೋಧಕರ ಪ್ರಬಂಧವನ್ನು ಓದುವವರೇ ವಿರಳ. ಅದೇ ಅವಧಿಯನ್ನು ಕ್ಯಾನ್ಸರ್‌ಗೋ ಮಧುಮೇಹಕ್ಕೋ ಮೀಸಲಿಟ್ಟರೆ ಅಂಕಿ ತಾನಾಗಿಯೇ ಬೆಳೆಯುತ್ತದೆ. ಕಿರಿಯ ಸಂಶೋಧಕರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಹೀಗೆ ಅಳತೆಗೋಲೇ ರೋಗವನ್ನು ಆಯ್ಕೆ ಮಾಡುವಂತಾಗುತ್ತದೆ. ಅದರ ಬೆಲೆ ತೆರುವವರು ಸೌದೆಗೆಂದು, ದರಗಿಗೆಂದು ಕಾಡು ಹೊಕ್ಕುವ ಜನ.

ಹಾಗೆಂದು ಅಂಕಿಗಳನ್ನೇ ಕಿತ್ತೆಸೆಯಬೇಕೆಂಬ ವಾದವೂ ಅಪಾಯಕಾರಿ. ಅಂಕಿ ಇಲ್ಲದ ಕಡೆ ವಶೀಲಿ, ಜಾತಿ, ಗುರುಕೃಪೆಗಳು ಆ ಜಾಗವನ್ನು ಆಕ್ರಮಿಸಲು ಕಾದಿರುತ್ತವೆ. ಪ್ರತಿಷ್ಠಿತ ನಂಟಿಲ್ಲದ ಪ್ರತಿಭಾವಂತರಿಗೆ ಉಲ್ಲೇಖದ ದಾಖಲೆ ಒಂದು ಆಸರೆಯೇ ಸರಿ. ಆಗಬೇಕಾದುದು ಅಂಕಿಯ ಉಚ್ಚಾಟನೆಯಲ್ಲ, ಅದರ ಸರಿಯಾದ ಬಳಕೆ. ಪತ್ರಿಕೆಯ ಪ್ರಭಾವಾಂಕವನ್ನು ಪ್ರಬಂಧದ ಗುಣಮಟ್ಟಕ್ಕೆ ಬದಲಿಯಾಗಿ ಬಳಸಬಾರದೆಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2012ರಲ್ಲಿ ರೂಪುಗೊಂಡ ಘೋಷಣೆ ಹೇಳಿತು. ಜಗತ್ತಿನ ಅನೇಕ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ.

ನಮ್ಮ ಆಯ್ಕೆ ಸಮಿತಿಗಳು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಪ್ರಬಂಧಗಳನ್ನು ಎಣಿಸುವ ಬದಲು ಸಂಶೋಧಕರೇ ಆರಿಸಿದ ಐದು ಪ್ರಬಂಧಗಳನ್ನು ಓದಲಿ. ಆ ಕೆಲಸದಿಂದ ಯಾವ ಚಿಕಿತ್ಸಾ ಕ್ರಮ ಬದಲಾಯಿತು, ಯಾವ ತಾಲ್ಲೂಕಿನಲ್ಲಿ ರೋಗ ತಗ್ಗಿತು ಎಂದು ಕೇಳಲಿ. ಉತ್ತರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆಗಳಲ್ಲೂ ಹುಡುಕಲಿ. ಜನರ ತೆರಿಗೆಯಿಂದ ನಡೆಯುವ ಸಂಶೋಧನೆ ಜನರ ರೋಗಗಳತ್ತ ತಿರುಗಬೇಕಾದರೆ, ಅದನ್ನು ತೂಗುವವರು ಇಷ್ಟಾದರೂ ಶ್ರಮ ವಹಿಸಬೇಕು.