ಹಳೆಯ ಕಂಪ್ಯೂಟರಿನ ಲೆಕ್ಕ ಹೊಸದಕ್ಕೆ ಸೇರಿಸುವ ಬಗೆ

ಬೆಳೆಗಾರರ ಮನೆಗಳಲ್ಲಿ ಇಂದು ಎರಡು ಕಂಪ್ಯೂಟರುಗಳಿರುವುದು ಅಪರೂಪವೇನಲ್ಲ. ಒಂದು, ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ತೋಟದ ಲೆಕ್ಕಕ್ಕೆಂದು ತಂದದ್ದು. ಇನ್ನೊಂದು, ಮಕ್ಕಳು ಈಚೆಗೆ ಕೊಂಡ ಲ್ಯಾಪ್‌ಟಾಪ್. ಕೆಲಸಗಾರರ ಹಾಜರಿ, ಮಂಡಿಯ ಲೆಕ್ಕ, ಮಳೆಯ ದಾಖಲೆ, ಸಾಲದ ಕಂತಿನ ವಿವರ ಎಲ್ಲವೂ ಹಳೆಯದರಲ್ಲೇ ಉಳಿದಿರುತ್ತವೆ. ಎರಡೂ ಒಂದೇ ರೂಟರಿಗೆ ಸೇರಿದ್ದರೂ ಒಂದರ ಫೈಲು ಇನ್ನೊಂದಕ್ಕೆ ಸಿಗುವುದಿಲ್ಲವೇಕೆ ಎಂದು ಸದಸ್ಯರು ನಮ್ಮನ್ನು ಆಗಾಗ ಕೇಳುವುದುಂಟು. ಆದ್ದರಿಂದ ಆ ವಿಷಯವನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ತೊಡಕಿನ ಮೂಲ

ವಿಂಡೋಸ್ ಕಂಪ್ಯೂಟರುಗಳು ಪರಸ್ಪರ ಫೈಲು ಹಂಚಿಕೊಳ್ಳಲು ಎಸ್‌ಎಂಬಿ ಎಂಬ ಒಂದು ಭಾಷೆಯನ್ನು ಬಳಸುತ್ತವೆ. ಇದರ ಮೊದಲ ರೂಪ ಹುಟ್ಟಿದ್ದು 1980ರ ದಶಕದಲ್ಲಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಈ ಮೊದಲ ರೂಪ ಮಾತ್ರ ಗೊತ್ತು. ವಿಂಡೋಸ್ 7ಕ್ಕೆ ಎರಡನೆಯ ರೂಪವೂ ಗೊತ್ತು. ಆದರೆ 2017ರ ಕೊನೆಯಿಂದೀಚೆಗಿನ ವಿಂಡೋಸ್ 10 ಹಾಗೂ ವಿಂಡೋಸ್ 11ರಲ್ಲಿ ಮೊದಲ ರೂಪವನ್ನು ಸಾಮಾನ್ಯವಾಗಿ ತೆಗೆದೇ ಕೊಟ್ಟಿರುತ್ತಾರೆ. ಹೀಗಾಗಿ ಎಕ್ಸ್‌ಪಿಯ ಮಾತು ಹೊಸ ಯಂತ್ರಕ್ಕೆ ತಿಳಿಯದು. ಇದು ಯಂತ್ರದ ಕೆಡುಕಲ್ಲ, ಬೇಕೆಂದೇ ಮಾಡಿದ ಏರ್ಪಾಡು.

ಏಕೆ ತೆಗೆದರು?

2017ರ ಮೇ 12ರಂದು ‘ವಾನಾಕ್ರೈ’ ಎಂಬ ವೈರಸ್ ಲೋಕದಾದ್ಯಂತ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ನಿಂತಿತು. ಫೈಲುಗಳಿಗೆ ಬೀಗ ಜಡಿದು, ತೆರೆಯಲು ಹಣ ಕೇಳುವ ವೈರಸ್ ಅದು. ಎಸ್‌ಎಂಬಿ ಮೊದಲ ರೂಪದ ದೋಷವೇ ಅದಕ್ಕೆ ದಾರಿಯಾಯಿತು. ಯಾರೂ ಏನನ್ನೂ ಒತ್ತದಿದ್ದರೂ ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನಾಗಿ ನುಗ್ಗುತ್ತಿತ್ತು. ಕೊಯ್ಲಿನ ನಂತರ ನೆಲದಲ್ಲಿ ಬಿಟ್ಟ ಹಣ್ಣಿನಿಂದ ಕಾಯಿಕೊರಕ ಇಡೀ ತೋಟಕ್ಕೆ ಹಬ್ಬುವುದನ್ನು ಬಲ್ಲ ಬೆಳೆಗಾರರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಯಂತ್ರದ ಸೆಟ್ಟಿಂಗಿಗೆ ಹೋಗಿ ಮೊದಲ ರೂಪವನ್ನು ಮತ್ತೆ ಚಾಲೂ ಮಾಡಬಹುದೆಂಬುದು ನಿಜ. ರಿಪೇರಿಗೆ ಬಂದವರು ಕೆಲವರು ಹಾಗೆ ಮಾಡಿ ಹೋಗುವುದೂ ಉಂಟು. ನಮ್ಮ ಸಲಹೆ ಒಂದೇ: ಹಳೆಯದರ ಸಲುವಾಗಿ ಹೊಸದರ ಬಾಗಿಲು ತೆರೆದಿಡಬೇಡಿ. ಬ್ಯಾಂಕಿನ ವ್ಯವಹಾರ ನಡೆಯುವುದು ಆ ಹೊಸ ಯಂತ್ರದಲ್ಲೇ ಎಂಬುದನ್ನು ಮರೆಯಬಾರದು.

ವಿಂಡೋಸ್ 7 ಇರುವವರಿಗೆ

ಇವರಿಗೆ ಮೊದಲ ರೂಪದ ಅಗತ್ಯವೇ ಇಲ್ಲ. ಅನುಸರಿಸಬೇಕಾದ ಕ್ರಮ ಹೀಗಿದೆ:

1. ಹೊಸ ಯಂತ್ರದಲ್ಲಿ ಮನೆಯ ನೆಟ್‌ವರ್ಕನ್ನು ‘ಪ್ರೈವೇಟ್’ ಎಂದೂ, ವಿಂಡೋಸ್ 7ರಲ್ಲಿ ‘ಹೋಮ್’ ಎಂದೂ ಆರಿಸಬೇಕು.

2. ಹೊಸ ಯಂತ್ರದಲ್ಲಿ ಇದಕ್ಕೆಂದೇ ಬೇರೊಂದು ಲೋಕಲ್ ಅಕೌಂಟ್ ತೆರೆದು ಪಾಸ್‌ವರ್ಡ್ ಕೊಡಬೇಕು. ದಿನವೂ ಒತ್ತುವ ನಾಲ್ಕಂಕಿಯ ಪಿನ್ ನೆಟ್‌ವರ್ಕಿನಲ್ಲಿ ನಡೆಯದು. ಪಾಸ್‌ವರ್ಡ್ ಇಲ್ಲದೆ ‘ಗೆಸ್ಟ್’ ಆಗಿ ಒಳಹೋಗುವ ಹಳೆಯ ರೂಢಿಯನ್ನೂ ಹೊಸ ವಿಂಡೋಸ್ ಒಪ್ಪುವುದಿಲ್ಲ.

3. ಅಲ್ಲೇ ಒಂದು ಫೋಲ್ಡರ್ ಮಾಡಿ, ಅದರ ‘ಪ್ರಾಪರ್ಟೀಸ್’ನಲ್ಲಿ ‘ಶೇರಿಂಗ್’ ಆರಿಸಿ, ಆ ಅಕೌಂಟಿಗೆ ಓದಲು, ಬರೆಯಲು ಅನುಮತಿ ಕೊಡಬೇಕು. ಇಡೀ ಡಿಸ್ಕನ್ನು ಹಂಚುವುದು ಬೇಡ.

4. ಹಳೆಯ ಯಂತ್ರದಲ್ಲಿ ಫೋಲ್ಡರ್ ಕಿಟಕಿಯ ಮೇಲಿನ ವಿಳಾಸದ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಹೊಸ ಯಂತ್ರದ ಹೆಸರು ಬರೆದು ಎಂಟರ್ ಒತ್ತಬೇಕು. ಅಕೌಂಟಿನ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ‘ನೆಟ್‌ವರ್ಕ್’ ಪಟ್ಟಿಯಲ್ಲಿ ಹೆಸರು ಕಾಣಲಿಲ್ಲವೆಂದು ಕೈಬಿಡಬೇಕಾಗಿಲ್ಲ. ಹೀಗೆ ನೇರವಾಗಿ ಬರೆದರೆ ಸಾಮಾನ್ಯವಾಗಿ ಸಿಗುತ್ತದೆ.

ವಿಂಡೋಸ್ 7ಕ್ಕೆ ಕಂಪನಿಯ ರಕ್ಷಣೆ 2020ರ ಜನವರಿ 14ಕ್ಕೇ ಮುಗಿದಿದೆ. ಅದರಲ್ಲಿ ಲೆಕ್ಕ ಬರೆಯಬಹುದು. ಬ್ಯಾಂಕಿಗೆ ಹೋಗುವುದು ಸಲ್ಲದು.

ಎಕ್ಸ್‌ಪಿ ಇರುವವರಿಗೆ

ಎಕ್ಸ್‌ಪಿಯ ರಕ್ಷಣೆ ನಿಂತದ್ದು 2014ರ ಏಪ್ರಿಲ್ 8ರಂದು. ಇದನ್ನು ಮನೆಯ ನೆಟ್‌ವರ್ಕಿನಿಂದ ಬಿಡಿಸಿಡುವುದೇ ಲೇಸು. ಹಳೆಯ ಲೆಕ್ಕದ ಪ್ರೋಗ್ರಾಮಿಗೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೋ ಅದು ಬೇಕೇ ಬೇಕೆಂದಾದರೆ ತಂತಿ ಕಿತ್ತು ಒಂಟಿಯಾಗಿ ನಡೆಸಬಹುದು. ಫೈಲು ಸಾಗಿಸಲು ಪೆನ್‌ಡ್ರೈವ್ ಸಾಕು. ಅದನ್ನು ‘ಫ್ಯಾಟ್ 32’ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಎರಡೂ ಯಂತ್ರ ಓದುತ್ತವೆ. 4 ಜಿಬಿಗಿಂತ ದೊಡ್ಡ ಒಂದೇ ಫೈಲು ಮಾತ್ರ ಅದರಲ್ಲಿ ಹಿಡಿಯದು. ಹೊಸ ಯಂತ್ರಕ್ಕೆ ಸಿಕ್ಕಿಸಿದೊಡನೆ ವೈರಸ್ ತಪಾಸಣೆ ಮಾಡತಕ್ಕದ್ದು. ಯಂತ್ರವೇ ಏಳದಿದ್ದರೂ ಎದೆಗುಂದಬೇಕಾಗಿಲ್ಲ. ಡಿಸ್ಕ್ ಸರಿಯಿದ್ದರೆ ಅದನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸದಕ್ಕೆ ಜೋಡಿಸಿ ಪ್ರತಿ ಮಾಡಿಕೊಳ್ಳಬಹುದು.

ಕನ್ನಡ ಫೈಲುಗಳ ವಿಚಾರ

ಫೈಲು ಬಂದು ಸೇರಿದರೂ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುದುಂಟು. ಫೈಲು ಕೆಟ್ಟಿತೆಂದು ಅಳಿಸಿಬಿಡಬೇಡಿ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದದ್ದು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಆ ಫಾಂಟನ್ನು ಹೊಸ ಯಂತ್ರಕ್ಕೆ ಹಾಕಿದರೆ ಓದಲು ಬರುತ್ತದೆ. ಮುಂದೆಯೂ ಉಳಿಯಬೇಕಾದ ಬರಹವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸುವುದು ಒಳ್ಳೆಯದು. ಬದಲಿಸುವ ಮುನ್ನ ಮೂಲದ ಒಂದು ಪ್ರತಿ ಇರಲಿ. ಬದಲಿಸಿದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ತಾಳೆ ನೋಡಿ.

ಕೊನೆಯದಾಗಿ, ಎರಡು ಯಂತ್ರಗಳಲ್ಲಿ ಫೈಲು ಇದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮುಂಗಾರಿನ ಮುಂಚಿನ ಒಂದು ಸಿಡಿಲು ತಂತಿಯಲ್ಲಿ ಹರಿದು ಎರಡನ್ನೂ ಸುಡಬಲ್ಲದು. ಗುಡುಗು ಕೇಳಿದೊಡನೆ ಕರೆಂಟಿನ ತಂತಿಯ ಜೊತೆ ನೆಟ್‌ವರ್ಕ್ ತಂತಿಯನ್ನೂ ಕಳಚಬೇಕು. ಮೂರನೆಯ ಪ್ರತಿಯೊಂದನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದು, ಪಹಣಿ ಪತ್ರಗಳಿರುವ ಕಪಾಟಿನಲ್ಲೇ ಇಡಬೇಕು. ಈ ಕೆಲಸವನ್ನು ಕೊಯ್ಲಿನ ಗಡಿಬಿಡಿ ಶುರುವಾಗುವ ಮುನ್ನವೇ ಮುಗಿಸಿಕೊಳ್ಳಬೇಕಾಗಿ ಸದಸ್ಯರಲ್ಲಿ ಕೋರುತ್ತೇವೆ.