ಮನೆಯೊಳಗಿನ ಪಿಸ್ತೂಲು ಮತ್ತು ಅದರ ಕಾವಲು

ಸಂಸ್ಕೃತದಲ್ಲಿ ಶಸ್ತ್ರವೆಂದೂ ಅಸ್ತ್ರವೆಂದೂ ಎರಡು ಮಾತುಗಳುಂಟು. ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ. ಎಸೆದು ಹೊಡೆಯುವುದು ಅಸ್ತ್ರ. ಪಿಸ್ತೂಲಿನಲ್ಲಿ ಈ ಎರಡು ಗುಣಗಳೂ ಕೂಡಿವೆ. ಅದು ಮುಷ್ಟಿಯಲ್ಲಿಯೇ ಇರುತ್ತದೆ. ಅದರ ಗುಂಡಾದರೋ ಮರಳಿ ಕರೆಯಲಾಗದಂತೆ ಹೊರಟುಹೋಗುತ್ತದೆ. ಇಂಥ ವಸ್ತುವಿರುವ ಮನೆಯವರು ಅದರ ಒಳಗಿನ ಕಾವಲು ಎಂಥದೆಂಬುದನ್ನು ತಿಳಿದಿರುವುದು ಯುಕ್ತ.

ಸಿರುಗುಪ್ಪ ತಾಲ್ಲೂಕಿನ ನಮ್ಮ ಹಚ್ಚೊಳ್ಳಿಯ ಸೀಮೆಯಲ್ಲಿ ಆತ್ಮರಕ್ಷಣೆಗೆಂದೋ ಬೆಳೆಯ ರಕ್ಷಣೆಗೆಂದೋ ಆಯುಧ ಬೇಕಾದವರು ಬಳ್ಳಾರಿಯ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಲೈಸೆನ್ಸು ಪಡೆಯಬೇಕು. ಚುನಾವಣೆಯ ಕಾಲದಲ್ಲಿ ಇಂಥ ಆಯುಧಗಳನ್ನು ಠಾಣೆಗೆ ಒಪ್ಪಿಸುವಂತೆ ಆಜ್ಞೆಯಾಗುತ್ತದೆ. ಉಳಿದ ಕಾಲವೆಲ್ಲ ಅವು ಇರುವುದು ಮಕ್ಕಳು ಓಡಾಡುವ ಮನೆಗಳಲ್ಲಿ.

ಹಳೆಯ ರಿವಾಲ್ವರಿನಲ್ಲಿ ಹ್ಯಾಮರು, ಎಂದರೆ ತೋಟಾದ ಕೇಪಿಗೆ ಪೆಟ್ಟು ಕೊಡುವ ಕೊಡತಿಯು, ಕೇಪಿಗೆ ತಗುಲಿಕೊಂಡೇ ನಿಲ್ಲುತ್ತಿತ್ತು. ಆಯುಧವು ಕೈಜಾರಿ ಬಿದ್ದರೆ ಗುಂಡು ಹಾರುವ ಭಯ. ಆದುದರಿಂದ ಜಾಣರು ಆರು ಮನೆಗಳಲ್ಲಿ ಐದನ್ನು ಮಾತ್ರ ತುಂಬಿ, ಕೊಡತಿಯ ಕೆಳಗಿನ ಮನೆಯನ್ನು ಬರಿದಾಗಿಡುತ್ತಿದ್ದರು. 1944ರಲ್ಲಿ ಕೆಳಗೆ ಬಿದ್ದ ರಿವಾಲ್ವರಿನ ಗುಂಡಿನಿಂದ ಅಮೆರಿಕದ ನಾವಿಕನೊಬ್ಬನು ಮಡಿದ ಮೇಲೆ, ಸ್ಮಿತ್ ಅಂಡ್ ವೆಸನ್ ಕಂಪೆನಿಯವರು ಕೊಡತಿಗೆ ಅಡ್ಡವಾಗಿ ನಿಲ್ಲುವ ಉಕ್ಕಿನ ಪಟ್ಟಿಯನ್ನು ಹೊಸದಾಗಿ ರಚಿಸಿದರು. ಟ್ರಿಗರನ್ನು ಪೂರ್ಣವಾಗಿ ಎಳೆದಾಗ ಮಾತ್ರ ಅದು ಸರಿದು ದಾರಿ ಬಿಡುತ್ತದೆ.

ಮುಂದೆ ಪಾಲಿಮರ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು ಬಂದಿತು. 1970ರಲ್ಲಿ ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪೆನಿಯೂ, 1980ರ ದಶಕದಲ್ಲಿ ಆಸ್ಟ್ರಿಯದ ಗ್ಲಾಕ್ ಕಂಪೆನಿಯೂ ಇಂಥ ಪಿಸ್ತೂಲುಗಳನ್ನು ತಂದವು. ಭಾರ ಕಡಮೆಯಾಯಿತು, ದಿನವೂ ಸೊಂಟದಲ್ಲಿಟ್ಟುಕೊಳ್ಳುವುದು ಸುಲಭವಾಯಿತು. ನಮ್ಮ ದೇಶದಲ್ಲಿಯೂ ಕಾನಪುರದ ಸರ್ಕಾರಿ ಕಾರ್ಖಾನೆಯು 2014ರಲ್ಲಿ ಟೈಟೇನಿಯಂ ಮಿಶ್ರಲೋಹದಿಂದ ಸುಮಾರು ಅರ್ಧ ಕಿಲೋ ತೂಕದ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ಗ್ಲಾಕಿನಲ್ಲಿ ಹೊರಗಿನ ಕೊಡತಿಯೇ ಇಲ್ಲ. ಒಳಗಿನ ಮೊಳೆಯನ್ನು ಒಂದು ಕೀಲು ತಡೆದಿರುತ್ತದೆ. ಕೊಡತಿಯುಳ್ಳ ಕೆಲವು ಪಾಲಿಮರ್ ಪಿಸ್ತೂಲುಗಳಲ್ಲಿ, ಎತ್ತಿ ನಿಂತ ಕೊಡತಿಯನ್ನು ಗುಂಡು ಹಾರದಂತೆ ಇಳಿಸುವ ಸನ್ನೆಯೂ ಉಂಟು.

ಇವೆಲ್ಲವೂ ಪ್ರಶಂಸನೀಯವಾದ ಯುಕ್ತಿಗಳೇ. ಆದರೆ ವಾಚಕರು ಒಂದನ್ನು ಗಮನಿಸಬೇಕು. ಈ ಕಾವಲುಗಳು ಬೀಳುವಿಕೆಯಿಂದ ಕಾಯುತ್ತವೆ, ಬೆರಳಿನಿಂದ ಕಾಯುವುದಿಲ್ಲ. ಟ್ರಿಗರನ್ನು ಎಳೆದೊಡನೆ ಪಟ್ಟಿಯೂ ಕೀಲೂ ಸರಿಯುತ್ತವೆ. ಎಳೆದವನು ಯಜಮಾನನೋ, ಆಟಿಕೆಯೆಂದು ತಿಳಿದ ಐದು ವರ್ಷದ ಕೂಸೋ ಎಂಬ ವಿವೇಕ ಅವಕ್ಕಿಲ್ಲ.

ಆದಕಾರಣ ಪಿಸ್ತೂಲನ್ನು ಬರಿದು ಮಾಡಿ ಬೀಗದೊಳಗಿಡಬೇಕು. ತೋಟಾಗಳನ್ನು ಬೇರೆ ಬೀಗದಲ್ಲಿಡಬೇಕು. ತೋಟಾಪೆಟ್ಟಿಗೆಯನ್ನು ತೆಗೆದ ಮಾತ್ರಕ್ಕೆ ಬರಿದಾಯಿತೆಂದು ನಂಬಬಾರದು. ನಳಿಗೆಯಲ್ಲಿ ಇನ್ನೊಂದು ಉಳಿದಿರಬಹುದು. ಮದುವೆ ಮೆರವಣಿಗೆಗಳಲ್ಲಿ ಹರ್ಷಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತರುವವರಿಗೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು.

ಮಹಾನವಮಿಯಲ್ಲಿ ಆಯುಧಕ್ಕೆ ಕುಂಕುಮವಿಡುವ ಗೃಹಿಣಿಯರು, ಅದರ ಬೀಗದ ಕೈ ಎಲ್ಲಿದೆಯೆಂದು ಯಜಮಾನರನ್ನು ಕೇಳಲು ಸಂಕೋಚಪಡಬಾರದು. ಮನೆಯ ಮಕ್ಕಳ ಕ್ಷೇಮವು ಆ ಒಂದು ಪ್ರಶ್ನೆಯಲ್ಲಿದೆ.